ಲೆಕ್ಕದ ಪುಸ್ತಕದ ಒಡೆತನ: ವರ್ತಕರಿಗೆ ಮುಕ್ತ ತಂತ್ರಾಂಶ ಏಕೆ ಬೇಕು?

ಕಾಳಿ ನದಿಯ ಉತ್ತರ ದಂಡೆಯಲ್ಲಿರುವ ಸದಾಶಿವಗಡದ ವರ್ತಕರ ವ್ಯವಹಾರವು ಎರಡು ದಿಕ್ಕುಗಳಲ್ಲಿ ಸಾಗುತ್ತದೆ. ಸೇತುವೆಯ ಆಚೆಗೆ ಜಿಲ್ಲಾ ಕೇಂದ್ರವಾದ ಕಾರವಾರ. ಈಚೆಗೆ ಮಾಜಾಳಿಯನ್ನು ದಾಟಿದರೆ ಗೋವಾ. ಕಾರವಾರದ ಗಿರಾಕಿಗೆ ಬರೆಯುವ ಬಿಲ್ಲಿನಲ್ಲಿ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ಅದೇ ಸರಕು ಕಾಣಕೋಣಕ್ಕೆ ಹೋದರೆ ಐಜಿಎಸ್‌ಟಿ ಹಾಕಬೇಕು. ಇಷ್ಟು ಲೆಕ್ಕವನ್ನು ಕೈಬರಹದಲ್ಲಿ ನಿಭಾಯಿಸುವುದು ಕಷ್ಟವಾದ್ದರಿಂದ ಸಣ್ಣ ಅಂಗಡಿಗೂ ಕಂಪ್ಯೂಟರ್ ಬಂದಿದೆ. ಕಂಪ್ಯೂಟರಿನೊಂದಿಗೆ ತಂತ್ರಾಂಶವೂ ಬಂದಿದೆ. ಕಂಪ್ಯೂಟರನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ವರ್ತಕರು ತಂತ್ರಾಂಶದ ವಿಷಯದಲ್ಲಿ ಮಾತ್ರ ಮಾರಾಟಗಾರನು ಹಾಕಿಕೊಟ್ಟದ್ದನ್ನೇ ಒಪ್ಪಿಕೊಳ್ಳುವುದು ಸಾಮಾನ್ಯ.

ಹಿಂದೆ ಕೀರ್ದಿ ಮತ್ತು ಖಾತೆ ಪುಸ್ತಕಗಳು ಕಪಾಟಿನಲ್ಲಿ ಇರುತ್ತಿದ್ದವು. ಮೂವತ್ತು ವರ್ಷಗಳ ಬಳಿಕ ತೆರೆದರೂ ಓದಲು ಬರುತ್ತಿತ್ತು. ಅವನ್ನು ತೆರೆಯಲು ಪುಸ್ತಕ ಮಾರಿದವನ ಅನುಮತಿ ಬೇಕಾಗಿರಲಿಲ್ಲ. ಇಂದಿನ ಖಾತೆ ಪುಸ್ತಕವು ಒಂದು ಕಡತದಲ್ಲಿದೆ. ಆ ಕಡತವನ್ನು ತೆರೆಯಬಲ್ಲದ್ದು ಒಂದೇ ತಂತ್ರಾಂಶವಾಗಿದ್ದು, ಅದರ ಪರವಾನಗಿಯ ಅವಧಿ ಮುಗಿದರೆ ಅಥವಾ ಅದನ್ನು ತಯಾರಿಸಿದ ಸಂಸ್ಥೆ ಬಾಗಿಲು ಮುಚ್ಚಿದರೆ, ಪುಸ್ತಕ ಅಂಗಡಿಯಲ್ಲಿಯೇ ಇದ್ದರೂ ಓದುವ ಮಾರ್ಗ ಇರುವುದಿಲ್ಲ. ಕಾನೂನು ಈ ಕಷ್ಟವನ್ನು ಗಣನೆಗೆ ತೆಗೆದುಕೊಳ್ಳದು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ಕಡೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕು. ವ್ಯಾಜ್ಯವಿದ್ದರೆ ಇನ್ನೂ ಹೆಚ್ಚು ಕಾಲ.

ಮುಕ್ತ ತಂತ್ರಾಂಶವನ್ನು ಲೋಕದಾದ್ಯಂತ ಜನರು ಮೆಚ್ಚಲು ಅನೇಕ ಕಾರಣಗಳನ್ನು ಹೇಳಲಾಗುತ್ತದೆ. ವರ್ತಕರ ಮಟ್ಟಿಗೆ ಮುಖ್ಯವಾದದ್ದು ಈ ಒಡೆತನದ ಪ್ರಶ್ನೆ. ಬೆಲೆಯ ಪ್ರಶ್ನೆ ಅನಂತರದ್ದು.

ಉಚಿತವೂ ಮುಕ್ತವೂ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದ ಉಚಿತಕ್ಕೂ ಸ್ವತಂತ್ರಕ್ಕೂ ಸಲ್ಲುವುದರಿಂದ ಆ ಭಾಷೆಯವರು ಈ ವಿಷಯವನ್ನು ವಿವರಿಸಲು ಬಹಳ ಶ್ರಮಪಡಬೇಕಾಗಿದೆ. ಕನ್ನಡದಲ್ಲಿ ಆ ತೊಡಕಿಲ್ಲ. ಪುಕ್ಕಟೆಯಾಗಿ ದೊರೆತದ್ದೆಲ್ಲ ಮುಕ್ತವಲ್ಲ. ಮುಕ್ತವಾದದ್ದನ್ನು ಬೆಲೆ ಕಟ್ಟಿ ಮಾರಲೂ ಅಡ್ಡಿಯಿಲ್ಲ.

ಯಾವುದೇ ತಂತ್ರಾಂಶವನ್ನು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯಲಾಗುತ್ತದೆ. ಇದಕ್ಕೆ ಮೂಲಸಂಕೇತ ಎಂದು ಹೆಸರು. ಬಳಿಕ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ಪರಿವರ್ತಿಸಲಾಗುತ್ತದೆ. ಸಾಮಾನ್ಯ ವಾಣಿಜ್ಯ ತಂತ್ರಾಂಶದಲ್ಲಿ ಗಿರಾಕಿಗೆ ದೊರೆಯುವುದು ಎರಡನೆಯ ರೂಪ ಮಾತ್ರ. ತಿಜೋರಿಯನ್ನು ಮಾರಿದವನು ಅದರ ಬೀಗದ ರಚನೆಯನ್ನು ಗುಟ್ಟಾಗಿಟ್ಟು, ಕೆಟ್ಟಾಗ ತನ್ನನ್ನೇ ಕರೆಯಬೇಕೆಂದು ಕರಾರು ಬರೆಸಿಕೊಂಡಂತೆ ಇದು. ಮುಕ್ತ ತಂತ್ರಾಂಶದಲ್ಲಿ ಮೂಲಸಂಕೇತವೂ ಗಿರಾಕಿಯದೇ. ಯಾವ ಉದ್ದೇಶಕ್ಕಾದರೂ ಬಳಸುವ, ಹೇಗೆ ಕೆಲಸ ಮಾಡುತ್ತದೆಂದು ನೋಡಿ ಬೇಕಾದಂತೆ ತಿದ್ದುವ, ಪ್ರತಿ ಮಾಡಿ ಇತರರಿಗೆ ಕೊಡುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಹಕ್ಕುಗಳನ್ನು ಅದರ ಪರವಾನಗಿಯೇ ನೀಡುತ್ತದೆ.

ಈ ವಿಚಾರದ ಹಿಂದೆ ಒಂದು ಪ್ರಿಂಟರಿನ ಕಥೆಯಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಹೊಸ ಲೇಸರ್ ಪ್ರಿಂಟರ್ ಬಂದಿತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಎಲ್ಲರ ಪರದೆಗೂ ಸೂಚನೆ ಹೋಗುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಹೊಸದರಲ್ಲಿಯೂ ಹಾಗೆ ಮಾಡಬಯಸಿದರು. ಮೂಲಸಂಕೇತವನ್ನು ಕೊಡಲು ನಿರಾಕರಿಸಲಾಯಿತು. ತನ್ನದೇ ಕಚೇರಿಯ ಯಂತ್ರವನ್ನು ಸರಿಪಡಿಸುವ ಸ್ವಾತಂತ್ರ್ಯವಿಲ್ಲವೆಂಬ ಅಸಮಾಧಾನ ಅವರಲ್ಲಿ ಉಳಿಯಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಪ್ರಕಟಿಸಿದರು. ಆ ಯೋಜನೆಯ ಸಾರ್ವಜನಿಕ ಪರವಾನಗಿ, ಅಂದರೆ ಜಿಪಿಎಲ್, 1989ರಲ್ಲಿ ಹೊರಬಂದಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಮರುವರ್ಷವೇ ಇದೇ ಪರವಾನಗಿಯಡಿ ಬಂದಿತು. ಇಂದು ವರ್ತಕರ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳು ಆ ಲಿನಕ್ಸೇ. ಮುಕ್ತ ತಂತ್ರಾಂಶ ನಮಗೆ ಹೊಸದು, ಅಪರಿಚಿತ ಎನ್ನುವವರು ಇದನ್ನು ಗಮನಿಸಬಹುದು.

ಮೆಚ್ಚುಗೆ ಪಡೆದ ಕೆಲವು

ಕಚೇರಿ ಕೆಲಸಕ್ಕೆ ಹೆಚ್ಚು ಜನ ನೆಚ್ಚಿಕೊಂಡಿರುವುದು ಲಿಬ್ರೆಆಫೀಸ್. ಪತ್ರ ಬರೆಯಲು, ಕೋಷ್ಟಕಗಳಲ್ಲಿ ಲೆಕ್ಕ ಹಾಕಲು, ದರಪಟ್ಟಿ ತಯಾರಿಸಲು, ನೇರವಾಗಿ ಪಿಡಿಎಫ್ ಮಾಡಿ ಕಳುಹಿಸಲು ಇದು ಸಾಕಾಗುತ್ತದೆ. ಇದರ ಚರಿತ್ರೆಯೇ ಮುಕ್ತ ತಂತ್ರಾಂಶದ ಪರವಾದ ಉತ್ತಮ ವಾದವಾಗಿದೆ. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸ್ಟಾರ್‌ಆಫೀಸ್ ತಂತ್ರಾಂಶವನ್ನು 1999ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಕೊಂಡುಕೊಂಡಿತು. 2000ದಲ್ಲಿ ಅದರ ಮೂಲಸಂಕೇತವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. ಅದುವೇ ಓಪನ್‌ಆಫೀಸ್. 2010ರ ಜನವರಿಯಲ್ಲಿ ಸನ್ ಕಂಪನಿಯೇ ಒರಾಕಲ್‌ಗೆ ಮಾರಾಟವಾಯಿತು. ಹೊಸ ಒಡೆಯರ ಧೋರಣೆಯ ಬಗ್ಗೆ ಶಂಕೆ ತಾಳಿದ ತಂತ್ರಜ್ಞರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿ, ಮೂಲಸಂಕೇತದ ಪ್ರತಿಯನ್ನು ತೆಗೆದುಕೊಂಡು, ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಒಡೆಯರು ಎರಡು ಬಾರಿ ಬದಲಾದರು. ಬಳಸುವವರ ಒಂದು ಕಡತವೂ ಮುಚ್ಚಿಹೋಗಲಿಲ್ಲ. ಬೇರೆ ವಿಧದ ತಂತ್ರಾಂಶದಲ್ಲಿ ಇಂತಹ ಪ್ರಸಂಗ ಹೇಗೆ ಮುಗಿಯುತ್ತಿತ್ತೆಂಬುದನ್ನು ಅನುಭವಸ್ಥರು ಬಲ್ಲರು.

ಕಾರವಾರ ಭಾಗದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಸದಾಶಿವಗಡ ಮತ್ತು ಕಾರವಾರಗಳ ಸಂಪರ್ಕ ಉಳಿಯಿತು. ಒಂದೇ ಸೇತುವೆ ಇದ್ದಿದ್ದರೆ ಪೇಟೆಯ ಸ್ಥಿತಿ ಏನಾಗುತ್ತಿತ್ತೆಂದು ಆ ವಾರ ಎಲ್ಲರೂ ಆಡಿಕೊಳ್ಳುವಂತಿತ್ತು. ಲಿಬ್ರೆಆಫೀಸ್ ಬಳಸುವ ಒಡಿಎಫ್ ಎಂಬ ಕಡತ ಸ್ವರೂಪವು 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ಅದರ ವಿವರಣೆ ಪ್ರಕಟವಾಗಿರುವುದರಿಂದ ಆ ಕಡತವನ್ನು ಓದುವ ಬೇರೆ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದು. ಕಡತದ ಮಟ್ಟಿಗೆ ಎರಡನೆಯ ಸೇತುವೆ ಎಂದರೆ ಇದೇ.

ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶವನ್ನು ಅದರ ಕಿತ್ತಳೆ ಬಣ್ಣದ ರಸ್ತೆ ಶಂಕುವಿನ ಗುರುತಿನಿಂದ ಎಲ್ಲರೂ ಬಲ್ಲರು. ಪ್ಯಾರಿಸ್ಸಿನ ಇಂಜಿನಿಯರಿಂಗ್ ವಿದ್ಯಾಲಯವೊಂದರ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ ಇದಾಗಿದ್ದು, 2001ರಲ್ಲಿ ಜಿಪಿಎಲ್ ಪರವಾನಗಿಗೆ ಬಂದಿತು. ಬೇರೆಲ್ಲಿಯೂ ತೆರೆಯದ ಹಳೆಯ ವಿಡಿಯೊ ಕಡತಗಳು ಇದರಲ್ಲಿ ತೆರೆಯುವುದುಂಟು, ಜಾಹೀರಾತುಗಳಿಲ್ಲ. ಭಾರತದಲ್ಲಿ 2022ರಲ್ಲಿ ಕೆಲವು ತಿಂಗಳು ಇದರ ಅಧಿಕೃತ ಜಾಲತಾಣವನ್ನು ತಡೆಹಿಡಿಯಲಾಗಿದ್ದು, ಅದೇ ವರ್ಷದ ನವೆಂಬರಿನಲ್ಲಿ ತಡೆ ತೆರವಾಯಿತು. ಅಧಿಕೃತ ತಾಣ ದೊರೆಯದಿದ್ದಾಗ ಜನರು ಎಲ್ಲೆಲ್ಲಿಂದಲೋ ಪ್ರತಿ ಇಳಿಸಿಕೊಳ್ಳುತ್ತಾರೆ. ಅಂತಹ ಪ್ರತಿಗಳಲ್ಲಿ ವೈರಸ್ ಸೇರಿಸಿರುವ ಅಪಾಯವಿರುತ್ತದೆ. ಮುಕ್ತ ತಂತ್ರಾಂಶವನ್ನು ಅದರದೇ ಅಧಿಕೃತ ತಾಣದಿಂದ ಪಡೆಯಬೇಕೆಂಬ ನಿಯಮ ವರ್ತಕರಿಗೆ ಅತ್ಯಗತ್ಯ. ಜಿಪಿಎಲ್‌ನ ಅಭಯವು ನಕಲಿ ಮಾಲಿಗೆ ಅನ್ವಯಿಸದು.

ಅಂತರಜಾಲ ವೀಕ್ಷಣೆಗೆ 2004ರಿಂದ ಇರುವ ಫೈರ್‌ಫಾಕ್ಸ್, ಕಡತಗಳನ್ನು ಕುಗ್ಗಿಸಲು ಸೆವೆನ್‌ಜಿಪ್, ಬ್ಯಾಂಕು ಮತ್ತು ಪೋರ್ಟಲುಗಳ ಪಾಸ್‌ವರ್ಡುಗಳನ್ನು ಬೀಗ ಹಾಕಿಡಲು ಕೀಪಾಸ್ – ಇವೂ ಬಹುಕಾಲದಿಂದ ಹೆಸರು ಪಡೆದವು. ಪಾಸ್‌ವರ್ಡುಗಳನ್ನು ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಡುವ ಪದ್ಧತಿಗಿಂತ ಕೊನೆಯದು ಖಂಡಿತ ಮೇಲು. ಇವೆಲ್ಲವೂ ವಿಂಡೋಸ್‌ನಲ್ಲಿಯೇ ಕೆಲಸ ಮಾಡುತ್ತವೆ. ಮುಕ್ತ ತಂತ್ರಾಂಶ ಬಳಸಬೇಕಾದರೆ ವಿಂಡೋಸನ್ನು ತೆಗೆದುಹಾಕಬೇಕೆಂಬ ತಿಳಿವಳಿಕೆ ಸರಿಯಲ್ಲ.

ಕನ್ನಡದ ಲೇಬಲ್ಲು, ಕನ್ನಡದ ಪತ್ರ

ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇಂತಹ ಹಣ್ಣಿನ ತಿರುಳನ್ನೋ ಉಪ್ಪಿನಕಾಯಿಯನ್ನೋ ಡಬ್ಬಿಗೆ ತುಂಬಿ ಮಾರುವ ಸಣ್ಣ ತಯಾರಕರಿಗೆ ಕನ್ನಡದಲ್ಲಿ ಲೇಬಲ್ ಬೇಕು. ಇಲ್ಲಿ ಒಂದು ಹಳೆಯ ತೊಡಕಿದೆ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಸುಲಭವಾಗಿ ಬರೆಯುವ ಅನುಕೂಲ ಒದಗಿಸಿದವು. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಂದಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹದಿನೈದು ವರ್ಷಗಳ ಹಿಂದೆ ಬರೆಸಿಟ್ಟ ಬಾಡಿಗೆ ಕರಾರು, ಸಂಘದ ನಡಾವಳಿ, ಗಿರಾಕಿಗಳ ವಿಳಾಸಪಟ್ಟಿ ಹೀಗಾಗಿರುವುದನ್ನು ಕಂಡವರು ಅನೇಕರಿದ್ದಾರೆ. ‘ಉಚಿತ’ಕ್ಕೂ ‘ಮುಕ್ತ’ಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಬರಹವು ಹಲವು ವರ್ಷ ಉಚಿತವಾಗಿದ್ದು ಮುಂದೆ ಬೆಲೆಯುಳ್ಳದ್ದಾಯಿತು. ಕರ್ತೃವಿಗೆ ಆ ಹಕ್ಕು ಪೂರ್ಣವಾಗಿ ಇತ್ತು. ಆದರೆ ಬಳಸುವವರ ಕೈಯಲ್ಲಿ ಮೂಲಸಂಕೇತ ಇರಲಿಲ್ಲ.

ಇದಕ್ಕೆ ಪರಿಹಾರ ಎಲ್ಲ ಲಿಪಿಗಳಿಗೂ ಸ್ಥಿರವಾದ ಸಂಕೇತ ನೀಡುವ ಯೂನಿಕೋಡ್. ಆ ಮಾನಕದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ಸಂಕೇತವಿದ್ದ ಮಾತ್ರಕ್ಕೆ ಒತ್ತಕ್ಷರ ತಾನಾಗಿ ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ‘ಕ್ಷ್ಮ’ ಅಥವಾ ‘ಸ್ತ್ರೀ’ ಎಂದು ಬರೆದಾಗ ಯಾವ ತುಂಡು ಕೆಳಗೆ, ಯಾವುದು ಪಕ್ಕಕ್ಕೆ ಎಂಬುದನ್ನು ನಿರ್ಧರಿಸುವ ಬೇರೊಂದು ತಂತ್ರಾಂಶ ಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ – ಎಲ್ಲವುಗಳ ಒಳಗೂ ಅದೇ ಇದೆ. ಹೆಸರು ಕೇಳಿದವರು ವಿರಳ. ಮೊಬೈಲಿನಲ್ಲಿ ಕನ್ನಡ ಓದುವವರೆಲ್ಲ ಅದರ ಫಲಾನುಭವಿಗಳೇ. ಹಳೆಯ ಮುದ್ರಣ ತಂತ್ರಾಂಶಗಳಲ್ಲಿ ಈ ಸೌಲಭ್ಯ ಇಲ್ಲದ್ದರಿಂದಲೇ ಅನೇಕ ಪ್ರೆಸ್ಸುಗಳು ಬಹುಕಾಲ ಹಳೆಯ ಅಕ್ಷರಶೈಲಿಗಳನ್ನೇ ಹಿಡಿದುಕೊಂಡು ಕೂತವು.

ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುವುದರಿಂದ ಲೇಬಲ್, ಕರಪತ್ರ, ಫಲಕಗಳಿಗೆ ಅದು ಯೋಗ್ಯ. ಫೋಟೊ ತಿದ್ದಲು ಗಿಂಪ್ ಇದೆ. ಆದರೆ ನಾಲ್ಕು ಬಣ್ಣದ ಮುದ್ರಣಕ್ಕೆ ಪ್ರೆಸ್ಸಿನವರು ಕೇಳುವ ಬಣ್ಣ ವಿಂಗಡಣೆಯಲ್ಲಿ ಇಂಕ್‌ಸ್ಕೇಪ್ ಹಿಂದುಳಿದಿದೆ. ಅದಕ್ಕೆ ಸ್ಕ್ರೈಬಸ್ ಎಂಬ ಪುಟವಿನ್ಯಾಸ ತಂತ್ರಾಂಶವನ್ನು ಬಳಸಬೇಕು, ಇಲ್ಲವೇ ಪ್ರೆಸ್ಸಿನವರೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕು. ಸಾವಿರ ಲೇಬಲ್ಲು ಅಚ್ಚಾದ ಮೇಲೆ ಮಾವಿನ ಬಣ್ಣ ಮಾಸಲಾಗಿ ಬಂದಿತೆಂದು ದೂರುವುದರಲ್ಲಿ ಪ್ರಯೋಜನವಿಲ್ಲ.

ಅಕ್ಷರಶೈಲಿಗಳಿಗೂ ಪರವಾನಗಿ ಇರುತ್ತದೆಂಬುದು ಬಹಳ ತಯಾರಕರ ಗಮನಕ್ಕೆ ಬಂದಿಲ್ಲ. ಮಾರುವ ಡಬ್ಬಿಯ ಮೇಲೆ ಬಳಸುವ ಅಕ್ಷರಶೈಲಿ ವಾಣಿಜ್ಯ ಬಳಕೆಗೆ ಅನುಮತಿಯುಳ್ಳದ್ದಾಗಿರಬೇಕು. ರೆಡ್ ಹ್ಯಾಟ್ ಸಂಸ್ಥೆ ಬಿಡುಗಡೆ ಮಾಡಿದ ಲೋಹಿತ್ ಕನ್ನಡ, ಗೂಗಲ್ ಪ್ರಾಯೋಜಿತ ನೋಟೊ ಕನ್ನಡ, ಅರವಿಂದ ವಿ. ಕೆ. ಅವರ ‘ಗುಬ್ಬಿ’ ಮತ್ತು ‘ನವಿಲು’ ಇವು ಮುಕ್ತ ಪರವಾನಗಿಯ ಕನ್ನಡ ಅಕ್ಷರಶೈಲಿಗಳು. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕವನ್ನೂ ಇದೇ ಅರವಿಂದರು ಮೂಲಸಂಕೇತ ಸಹಿತ ಒದಗಿಸಿದ್ದಾರೆ. ಬಾಡಿಗೆ ಕರಾರಿನ ಮೇಲೆ ಹೇಳಿದ ದುರವಸ್ಥೆಗೆ ಇದರಿಂದ ಬಹುಮಟ್ಟಿಗೆ ಪರಿಹಾರವಿದೆ.

ಬೆರಳಚ್ಚಿಗೆ ನುಡಿಯ ಕೀಲಿಮಣೆಯನ್ನು ರೂಢಿಸಿಕೊಂಡವರು ಹೊಸದನ್ನು ಕಲಿಯಬೇಕಾಗಿಲ್ಲ. ಕೆ. ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಧ್ವನಿಯಾಧಾರಿತ ವಿನ್ಯಾಸದ ಮೇಲೆ ನಿಂತ ಈ ಕೀಲಿಮಣೆಯು ಲಿನಕ್ಸ್‌ನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ದೊರೆಯುತ್ತದೆ. ರಾವ್ ಅವರು ತಮ್ಮ ವಿನ್ಯಾಸದ ಸುತ್ತ ಹಕ್ಕುಸ್ವಾಮ್ಯದ ಬೇಲಿ ಹಾಕಲಿಲ್ಲ. ಹಾಕಿದ್ದರೆ ಅದು ಇಷ್ಟೊಂದು ತಂತ್ರಾಂಶಗಳಲ್ಲಿ ಬರುತ್ತಿತ್ತೆಂದು ಹೇಳಲಾಗದು. ಮುಕ್ತ ತಂತ್ರಾಂಶ ಎಂಬ ಮಾತು ಕನ್ನಡದಲ್ಲಿ ಬಳಕೆಗೆ ಬರುವ ಮೊದಲೇ ನಡೆದ ಮುಕ್ತ ಕೊಡುಗೆ ಅದು.

ಲೆಕ್ಕಪತ್ರದ ವಿಷಯದಲ್ಲಿ ಎಚ್ಚರ

ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ, ನಮ್ಮ ವರ್ತಕರಿಗೂ ಆಡಿಟರುಗಳಿಗೂ ಚಿರಪರಿಚಿತ. ಅದು ಮುಕ್ತ ತಂತ್ರಾಂಶವಲ್ಲ, ಒಳ್ಳೆಯ ತಂತ್ರಾಂಶ. ಆಡಿಟರು ಒಪ್ಪುವ, ಗುಮಾಸ್ತರಿಗೆ ತಿಳಿದಿರುವ ವ್ಯವಸ್ಥೆಯನ್ನು ತತ್ತ್ವಕ್ಕಾಗಿ ಕಿತ್ತೊಗೆಯಬೇಕೆಂದು ಯಾವ ವಿವೇಕಿಯೂ ಹೇಳಲಾರ. ಅಂತಹವರು ಮಾಡಬೇಕಾದದ್ದು ಇಷ್ಟೇ: ಪ್ರತಿ ಮಾರ್ಚ್ ಅಂತ್ಯಕ್ಕೆ ಎಲ್ಲ ಖಾತೆಗಳನ್ನು, ದಿನವಹಿಯನ್ನು, ದಾಸ್ತಾನು ಪಟ್ಟಿಯನ್ನು ಕೋಷ್ಟಕ ರೂಪದಲ್ಲಿಯೂ ಪಿಡಿಎಫ್ ರೂಪದಲ್ಲಿಯೂ ಹೊರತೆಗೆದು ಇಟ್ಟುಕೊಳ್ಳುವುದು. ತಂತ್ರಾಂಶ ಯಾವುದೇ ಇರಲಿ, 72 ತಿಂಗಳ ಪ್ರಶ್ನೆಗೆ ಇದರಿಂದ ಉತ್ತರ ಸಿಗುತ್ತದೆ.

ಮುಕ್ತ ತಂತ್ರಾಂಶಗಳಲ್ಲಿ 1998ರಿಂದ ಇರುವ ಗ್ನೂಕ್ಯಾಶ್ ಜೋಡಿ ನಮೂದು ಪದ್ಧತಿಯ ಸರಳ ಸಾಧನ. ಮನೆಯ ಲೆಕ್ಕಕ್ಕೆ, ಸಂಘ ಸಂಸ್ಥೆಗಳಿಗೆ, ಚಿಕ್ಕ ಒಡೆತನದ ಅಂಗಡಿಗೆ ಅದು ಸಾಕಾದೀತು. ಭಾರತದ ಜಿಎಸ್‌ಟಿ ರಿಟರ್ನುಗಳ ವ್ಯವಸ್ಥೆ ಅದರಲ್ಲಿ ಸಿದ್ಧವಾಗಿ ದೊರೆಯುವುದಿಲ್ಲ. ಅಲ್ಲದೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ನಿಯಮಗಳಂತೆ, ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ ಮತ್ತು ಆ ದಾಖಲೆಯನ್ನು ನಿಲ್ಲಿಸಲು ಬಾರದ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗೂ ಇದು ಅನ್ವಯ. ಏಕವ್ಯಕ್ತಿ ಅಂಗಡಿಗೆ ಮತ್ತು ಸಾಮಾನ್ಯ ಪಾಲುದಾರಿಕೆಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಕಂಪನಿ ರೂಪದ ಉದ್ದಿಮೆಗಳು ಗ್ನೂಕ್ಯಾಶ್ ಕಡೆಗೆ ನೋಡದಿರುವುದು ಲೇಸು.

ತಯಾರಕರಿಗೆ ಹೆಚ್ಚು ಉಪಯುಕ್ತವಾದದ್ದು ಇಆರ್‌ಪಿನೆಕ್ಸ್ಟ್. ಇದು ಭಾರತದ್ದೇ. ಪೀಠೋಪಕರಣ ತಯಾರಿಸುವ ಕುಟುಂಬದಿಂದ ಬಂದ ಮುಂಬೈಯ ರುಶಭ್ ಮೆಹ್ತಾ ಅವರು ಉದ್ದಿಮೆಯ ಒಳಗಿನ ತೊಂದರೆಗಳನ್ನು ಕಂಡು ರೂಪಿಸಿದ ತಂತ್ರಾಂಶ ಇದಾಗಿದ್ದು, 2008ರಿಂದ ಬೆಳೆದು ಬಂದಿದೆ, ಜಿಪಿಎಲ್ ಪರವಾನಗಿಯದು. ಕಚ್ಚಾ ಮಾಲಿನ ಖರೀದಿ, ದಾಸ್ತಾನು, ತಯಾರಿಕೆಯ ಹಂತಗಳು, ಮಾರಾಟ, ಲೆಕ್ಕಪತ್ರ ಎಲ್ಲವೂ ಒಂದೇ ಕಡೆ ಇರುತ್ತವೆ. ಇ-ಇನ್ವಾಯ್ಸ್ ಮತ್ತು ಇ-ವೇ ಬಿಲ್ಲುಗಳಿಗೆ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಮುಕ್ತ ಪೂರಕ ತಂತ್ರಾಂಶವಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್ವಾಯ್ಸ್ ಕಡ್ಡಾಯವಾಗಿರುವುದರಿಂದ ಇದು ಮುಖ್ಯ.

ಆದರೆ ಇಆರ್‌ಪಿನೆಕ್ಸ್ಟ್ ಪೆನ್‌ಡ್ರೈವಿನಿಂದ ಹಾಕಿ ಸಂಜೆಗೆ ಬಿಲ್ಲು ಬರೆಯುವ ತಂತ್ರಾಂಶವಲ್ಲ. ಅದಕ್ಕೆ ಸರ್ವರ್ ಬೇಕು, ಬಲ್ಲವರು ಬೇಕು, ಮೊದಲ ತಿಂಗಳುಗಳಲ್ಲಿ ತಾಳ್ಮೆ ಬೇಕು. ತಂತ್ರಾಂಶಕ್ಕೆ ಬೆಲೆಯಿಲ್ಲವಾದರೂ ಅಳವಡಿಕೆಗೂ ತರಬೇತಿಗೂ ಹಣ ವ್ಯಯವಾಗುತ್ತದೆ. ಇದನ್ನು ಮುಚ್ಚಿಟ್ಟು ‘ಪೂರ್ಣ ಉಚಿತ’ ಎಂದು ಹೇಳಿ ಬರುವವರನ್ನು ಬಾಗಿಲಲ್ಲಿಯೇ ಬೀಳ್ಕೊಡುವುದು ಒಳ್ಳೆಯದು. ಪರವಾನಗಿಗೆ ಕೊಡುತ್ತಿದ್ದ ಹಣವನ್ನು ಊರಿನ ಅಥವಾ ಹುಬ್ಬಳ್ಳಿ, ಮಡಗಾಂವಿನ ತಂತ್ರಜ್ಞರ ದುಡಿಮೆಗೆ ಕೊಟ್ಟಂತಾಗುತ್ತದೆ ಎಂಬುದೇ ಇಲ್ಲಿನ ಸರಿಯಾದ ಲೆಕ್ಕ. ಆ ತಂತ್ರಜ್ಞರು ತೃಪ್ತಿಕರವಾಗಿ ಕೆಲಸ ಮಾಡದಿದ್ದರೆ ಬೇರೊಬ್ಬರನ್ನು ನೇಮಿಸಿಕೊಳ್ಳಬಹುದು. ತಂತ್ರಾಂಶವೂ ದತ್ತಾಂಶವೂ ಅಂಗಡಿಯಲ್ಲಿಯೇ ಉಳಿಯುತ್ತವೆ.

ನಕಲು ಪ್ರತಿಯ ಅಪಾಯ

ಮುಕ್ತ ತಂತ್ರಾಂಶದ ನಿಜವಾದ ಪ್ರತಿಸ್ಪರ್ಧಿ ಬೆಲೆ ಕೊಟ್ಟು ತಂದ ತಂತ್ರಾಂಶವಲ್ಲ, ಕದ್ದು ತಂದ ಪ್ರತಿ. ಕಂಪ್ಯೂಟರ್ ಜೋಡಿಸಿಕೊಡುವಾಗ ‘ಎಲ್ಲವನ್ನೂ ಹಾಕಿ ಕೊಟ್ಟಿದ್ದೇನೆ’ ಎಂಬ ಮಾತಿನೊಂದಿಗೆ ಬರುವ ತಂತ್ರಾಂಶಗಳ ಬಗ್ಗೆ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಅನಧಿಕೃತ ಪ್ರತಿಯೆಂದು ತಿಳಿದೂ ಅಂತಹ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸುವವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದ ಸಂದರ್ಭದಲ್ಲಿ ಬಳಸಿಲ್ಲವೆಂದು ಸಿದ್ಧವಾದರೆ ನ್ಯಾಯಾಲಯವು ಕಾರಾಗೃಹವಾಸವನ್ನು ಬಿಡಬಹುದೆಂಬ ವಿನಾಯಿತಿ ಇದೆ. ಅಂಗಡಿಯಲ್ಲಿಟ್ಟ ಕಂಪ್ಯೂಟರಿಗೆ ಈ ವಿನಾಯಿತಿ ದೊರೆಯುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ.

ದಂಡಕ್ಕಿಂತ ಹೆಚ್ಚು ಸಂಭವನೀಯ ಹಾನಿ ವೈರಸ್ಸಿನದು. ಕದ್ದ ಪ್ರತಿಯ ಬೀಗ ಮುರಿಯುವ ಉಪಕರಣಗಳ ಜೊತೆ ಏನು ಸೇರಿ ಬರುತ್ತದೆಂದು ತಿಳಿಯುವುದಿಲ್ಲ. ಅಂತಹ ಪ್ರತಿಗಳಿಗೆ ಭದ್ರತಾ ಪರಿಷ್ಕರಣೆ ಹಾಕಲು ಮಾಲೀಕರು ಹಿಂಜರಿಯುತ್ತಾರೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನ್ನಾಕ್ರೈ ಹಾವಳಿಗೆ ತುತ್ತಾದವು ಇಂತಹ ಪರಿಷ್ಕರಣೆ ಹಾಕದ ಕಂಪ್ಯೂಟರುಗಳೇ.

ಹಳೆಯ ಕಂಪ್ಯೂಟರಿನ ಗತಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿತು. ಕೆಲವು ವರ್ಷಗಳ ಹಿಂದಿನ ಅನೇಕ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶದ ನಿಬಂಧನೆಗಳನ್ನು ಪೂರೈಸುವುದಿಲ್ಲ. ಚೆನ್ನಾಗಿ ನಡೆಯುವ ಯಂತ್ರವನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ ಬಳಸಬಹುದು. 2005ರಿಂದ 2011ರವರೆಗೆ ಉಬುಂಟುವಿನ ಸೀಡಿಗಳನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಧರ್ಮಾರ್ಥವಾಗಿ ಕಳುಹಿಸಲಾಗುತ್ತಿತ್ತು. ಇಂದು ಅಂತರಜಾಲದಿಂದ ಇಳಿಸಿಕೊಂಡು, ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು.

ಇಲ್ಲಿ ತೊಡಕುಗಳೂ ಇವೆ. ಜಿಎಸ್‌ಟಿ ಜಾಲದ ಕೆಲವು ಆಫ್‌ಲೈನ್ ಉಪಕರಣಗಳು ಮೈಕ್ರೊಸಾಫ್ಟ್ ಎಕ್ಸೆಲ್‌ನ ಮೇಲೆ ಅವಲಂಬಿಸಿವೆ. ಲಿಬ್ರೆಆಫೀಸಿನಲ್ಲಿ ಅವು ಸರಿಯಾಗಿ ನಡೆಯುವ ಭರವಸೆಯಿಲ್ಲ. ಡಿಜಿಟಲ್ ಸಹಿಯ ಟೋಕನ್, ಬಿಲ್ಲಿನ ಪ್ರಿಂಟರ್, ತೂಕದ ಯಂತ್ರ ಇವುಗಳನ್ನು ಒಂದೊಂದಾಗಿ ಜೋಡಿಸಿ ಪರೀಕ್ಷಿಸಬೇಕು. ಎರಡು ಕಂಪ್ಯೂಟರ್ ಇರುವಲ್ಲಿ ರಿಟರ್ನಿನ ಕೆಲಸಕ್ಕೆ ಪರವಾನಗಿಯುಳ್ಳ ವಿಂಡೋಸ್ ಒಂದನ್ನು ಉಳಿಸಿಕೊಂಡು, ಇನ್ನೊಂದನ್ನು ಲಿನಕ್ಸ್‌ಗೆ ಒಯ್ಯುವುದು ಉಚಿತ ಮಾರ್ಗ. ಲಿನಕ್ಸ್ ಬಲ್ಲ ಗುಮಾಸ್ತರು ಸಿಗುವುದಿಲ್ಲವೆಂಬ ದೂರು ನಮ್ಮ ಜಿಲ್ಲೆಯಲ್ಲಿ ನಿಜವೇ. ಕೇರಳದಲ್ಲಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವೇ ಮುಕ್ತ ತಂತ್ರಾಂಶದಲ್ಲಿ ನಡೆಯುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್‌ಗಳನ್ನು ತರಗತಿಯಲ್ಲಿ ಕಲಿಯುತ್ತಾರೆ. ಕರ್ನಾಟಕದ ವರ್ತಕ ಸಂಘಗಳು ಈ ವಿಷಯದಲ್ಲಿ ಸ್ಥಳೀಯ ಕಾಲೇಜುಗಳನ್ನು ಒತ್ತಾಯಿಸಿದರೆ ತಪ್ಪಾಗದು.

ಖರ್ಚು ಯಾರದು?

ಲಾಭವಿಲ್ಲದೆ ಯಾರು ದುಡಿಯುತ್ತಾರೆ ಎಂಬುದು ವರ್ತಕರು ಸಹಜವಾಗಿ ಕೇಳುವ ಪ್ರಶ್ನೆ. ದೊಡ್ಡ ಕಂಪನಿಗಳು ತಮಗೆ ಬೇಕಾದ ಭಾಗಗಳಿಗೆ ತಮ್ಮ ನೌಕರರಿಂದ ಕೆಲಸ ಮಾಡಿಸುತ್ತವೆ, ಕೆಲವು ಸಂಸ್ಥೆಗಳು ಬೆಂಬಲ ಸೇವೆಯನ್ನು ಮಾರುತ್ತವೆ, ದೇಣಿಗೆ ಬರುತ್ತದೆ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ ತನ್ನ ವ್ಯವಸ್ಥೆಯನ್ನು ಬಹುಪಾಲು ಮುಕ್ತ ತಂತ್ರಾಂಶಗಳ ಮೇಲೆ ಕಟ್ಟಿಕೊಂಡಿದ್ದು, 2024ರ ಅಕ್ಟೋಬರಿನಲ್ಲಿ ಲೋಕದ ಯಾವುದೇ ಭಾಗದ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ‘ಫ್ಲಾಸ್ ಫಂಡ್’ ಪ್ರಕಟಿಸಿತು. ತಾನು ದಿನನಿತ್ಯ ಓಡಾಡುವ ರಸ್ತೆಯ ದುರಸ್ತಿಗೆ ಕೊಟ್ಟ ವಂತಿಗೆಯೆಂದು ಇದನ್ನು ತಿಳಿಯಬಹುದು.

ವಂತಿಗೆ ಸಾಲದ ಕಡೆ ಅಪಾಯವೂ ಇದೆ. 2024ರ ಮಾರ್ಚ್ ತಿಂಗಳ ಕೊನೆಯಲ್ಲಿ, ಲಿನಕ್ಸ್‌ನಲ್ಲಿ ಬಳಸುವ ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶದೊಳಗೆ ಕಳ್ಳಬಾಗಿಲನ್ನು ಇಟ್ಟಿರುವುದು ಬೆಳಕಿಗೆ ಬಂದಿತು. ಬಿಡುವಿನ ವೇಳೆಯಲ್ಲಿ ಒಬ್ಬಂಟಿಯಾಗಿ ಅದನ್ನು ನೋಡಿಕೊಳ್ಳುತ್ತಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ ಬಂದ ಅಪರಿಚಿತ ಸಹಾಯಕನ ಕೃತ್ಯ ಅದು. ಆಂದ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಸಂಪರ್ಕಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುತ್ತಿರುವುದನ್ನು ಗಮನಿಸಿ, ಮೂಲವನ್ನು ಕೆದಕಿ, ಇದನ್ನು ಪತ್ತೆಹಚ್ಚಿದರು. ಎಲ್ಲವೂ ತೆರೆದಿದ್ದುದರಿಂದ ಕೆದಕಲು ಸಾಧ್ಯವಾಯಿತು. ನೋಡಿಕೊಳ್ಳುವವರು ಒಬ್ಬರೇ ಇದ್ದುದರಿಂದ ಕಳ್ಳನಿಗೂ ಅವಕಾಶವಾಯಿತು. ಮುಕ್ತ ತಂತ್ರಾಂಶ ತಾನಾಗಿ ಸುರಕ್ಷಿತ ಎಂಬ ಪ್ರಚಾರವನ್ನು ಈ ಎರಡೂ ಸಂಗತಿಗಳೊಂದಿಗೆ ಕೇಳಬೇಕು. ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಹಾಕಿಕೊಳ್ಳುವ ಕರ್ತವ್ಯ ಇಲ್ಲಿಯೂ ತಪ್ಪದು.

ಆರಂಭಿಸುವವರಿಗೆ

ಆರ್ಥಿಕ ವರ್ಷದ ನಡುವೆ ಲೆಕ್ಕಪತ್ರದ ತಂತ್ರಾಂಶ ಬದಲಿಸಬಾರದು. ಮೊದಲು ಪತ್ರವ್ಯವಹಾರ ಮತ್ತು ದರಪಟ್ಟಿಗಳಿಗೆ ಲಿಬ್ರೆಆಫೀಸ್ ಬಳಸಿ ನೋಡಬೇಕು. ಅದು ಕೈಗೆ ಹತ್ತಿದ ಮೇಲೆ ಮುಂದಿನ ವಿಚಾರ. ಲೆಕ್ಕಪತ್ರ ಬದಲಿಸುವುದಾದರೆ ಏಪ್ರಿಲ್ 1ರಿಂದ ಆರಂಭಿಸಿ, ಒಂದು ತ್ರೈಮಾಸಿಕದ ಮಟ್ಟಿಗೆ ಹಳೆಯದರಲ್ಲಿಯೂ ನಮೂದು ಮಾಡಿ ತಾಳೆ ನೋಡಬೇಕು. ಆಡಿಟರನ್ನು ಮೊದಲ ದಿನವೇ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು.

ಅಳವಡಿಸಿಕೊಡುವ ತಂತ್ರಜ್ಞರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲಿ ಮೂರು ಸಂಗತಿಗಳು ಬರಹದಲ್ಲಿರಬೇಕು: ಮುಖ್ಯ ಪಾಸ್‌ವರ್ಡ್ ಮಾಲೀಕರ ಬಳಿ ಇರತಕ್ಕದ್ದು, ದತ್ತಾಂಶದ ಪೂರ್ಣ ಪ್ರತಿಯನ್ನು ಕೇಳಿದಾಗ ಕೊಡತಕ್ಕದ್ದು, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಮರಳಿ ಸ್ಥಾಪಿಸಿ ತೋರಿಸತಕ್ಕದ್ದು. ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಪ್ರತಿದಿನ ಬ್ಯಾಕಪ್ ಆಗುತ್ತಿದೆಯೆಂಬ ನಂಬಿಕೆಯಲ್ಲಿದ್ದು, ಬೇಕಾದ ದಿನ ಅದು ತೆರೆಯದಿರುವ ಪ್ರಸಂಗಗಳು ಅಪರೂಪವಲ್ಲ. ಮಳೆಗಾಲದಲ್ಲಿ ಸಿಡಿಲು, ವಿದ್ಯುತ್ ಏರಿಳಿತ, ತೇವಾಂಶಗಳಿಂದ ಕರಾವಳಿಯ ಕಂಪ್ಯೂಟರುಗಳಿಗೆ ಒದಗುವ ಹಾನಿಯನ್ನು ಗಮನಿಸಿ, ಮೇ ತಿಂಗಳ ಒಳಗೆ ಒಂದು ಪ್ರತಿಯನ್ನು ಅಂಗಡಿಯಿಂದ ಬೇರೆ ಕಡೆ ಇಡಬೇಕು. ಕಳೆದ ವರ್ಷದ ಖಾತೆಯ ಕಡತವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದು, ಮಾರಾಟಗಾರರ ತಂತ್ರಾಂಶವಿಲ್ಲದ ಕಂಪ್ಯೂಟರಿನಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಲು ಹತ್ತು ನಿಮಿಷ ಸಾಕು.